ದೂರು ಪೆಟ್ಟಿಗೆಯ ಕೀಲಿ ಯಾರ ಕೈಯಲ್ಲಿ?

ಮಳೆ ರಜೆಯ ವಿಷಯದಲ್ಲಿ ಕೊಡಗಿನ ಆಡಳಿತದ ಕೈ ಪಳಗಿದೆ. ಆಷಾಢದ ಗಾಳಿಮಳೆ ಜೋರಾದರೆ ಜಿಲ್ಲಾಧಿಕಾರಿಯ ಆದೇಶ ಹೊರಡುತ್ತದೆ, ಮಕ್ಕಳು ಸಮವಸ್ತ್ರ ತೊಡುವ ಮೊದಲೇ ಅದು ಶಾಲೆಯ ವಾಟ್ಸ್ಆ್ಯಪ್ ಗುಂಪಿಗೆ ಬಂದಿರುತ್ತದೆ. ಎಷ್ಟು ದಿನ ಪಾಠ ತಪ್ಪಿತು ಎಂಬ ಲೆಕ್ಕ ಶಾಲೆಯಲ್ಲಿರುತ್ತದೆ. ಮಳೆ ಬಿಟ್ಟ ಮೇಲೆ ಶನಿವಾರ ಮಧ್ಯಾಹ್ನವೂ ತರಗತಿ ನಡೆಸಿ ಆ ಬಾಕಿಯನ್ನು ತೀರಿಸುತ್ತಾರೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ, ಕಾಲೂರು ಸುತ್ತಲಿನ ಗುಡ್ಡಗಳು ಜಾರಿ ಮನೆ, ತೋಟ, ರಸ್ತೆಗಳು ಮಣ್ಣುಪಾಲಾದಾಗಲೂ ಕೊನೆಗೆ ನಡೆದದ್ದು ಇದೇ: ಪರಿಹಾರ ಕೇಂದ್ರಗಳಿಂದ ಮಕ್ಕಳು ತರಗತಿಗೆ ಮರಳಿದರು, ಉಳಿದ ಪಾಠ ಮುಗಿಯಿತು, ಪರೀಕ್ಷೆಗಳು ನಡೆದವು. ಆದರೆ ಕಣ್ಣೆದುರೇ ಮನೆ ಜಾರಿದ್ದನ್ನು ಕಂಡ ಮಗು ಮುಂದಿನ ಜೂನ್‌ನಲ್ಲಿ ಹೆಂಚಿನ ಮೇಲೆ ಮಳೆಯ ಸದ್ದು ಏರಿದಾಗ ಏಕೆ ಪುಸ್ತಕ ಮುಚ್ಚಿ ಕಿಟಕಿ ನೋಡುತ್ತದೆ ಎಂದು ಕೇಳುವುದು ಶಾಲೆಯಲ್ಲಿ ಯಾರ ಕೆಲಸ? ಹಾಜರಿಗೆ ಪುಸ್ತಕವಿದೆ, ಅಂಕಕ್ಕೆ ಪಟ್ಟಿಯಿದೆ, ಬಿಸಿಯೂಟದ ಅಕ್ಕಿಗೂ ಹಾಲಿನ ಪುಡಿಗೂ ದಾಸ್ತಾನು ವಹಿಯಿದೆ. ಮಗುವಿನ ಮನಸ್ಸಿಗೆ ಮಾತ್ರ ಹೊಣೆಗಾರರಿಲ್ಲ. ಆ ಹೊಣೆಯನ್ನು ಶಿಕ್ಷಕರ ಹೆಗಲಿಗೆ ಇನ್ನೊಂದು ಹೆಚ್ಚುವರಿ ಕೆಲಸವಾಗಿ ಹೊರಿಸಬಾರದು, ಪಟ್ಟಣದಿಂದ ಮನೋವೈದ್ಯರು ಬರಲಿ ಎಂದು ಕಾಯುತ್ತಲೂ ಕೂರಬಾರದು. ಐದಾರು ಶಾಲೆಗಳಿಗೆ ಒಬ್ಬರಂತೆ, ಅದೇ ಊರುಗಳ, ಆ ಮಕ್ಕಳ ಭಾಷೆ ಬಲ್ಲ, ತರಬೇತಿ ಪಡೆದ ಒಬ್ಬ ವ್ಯಕ್ತಿಯನ್ನು ಇದೊಂದೇ ಕೆಲಸಕ್ಕೆ ನೇಮಿಸುವುದು ಕೊಡಗಿನಂಥ ಜಿಲ್ಲೆಗೆ ಹೊಂದುವ ದಾರಿ.

ಕಾನೂನು ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. 29ನೇ ಸೆಕ್ಷನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಗುವನ್ನು ಭಯ, ಆಘಾತ ಮತ್ತು ಆತಂಕದಿಂದ ಮುಕ್ತಗೊಳಿಸುವುದು ಪಠ್ಯಕ್ರಮದ್ದೇ ಗುರಿಯೆಂದು ಹೇಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಾಲೆಗಳಲ್ಲಿ ಸಮಾಲೋಚಕರು, ಸಮಾಜ ಕಾರ್ಯಕರ್ತರು ಇರಬೇಕೆನ್ನುತ್ತದೆ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್, ವಿಶಾಖಪಟ್ಟಣದಲ್ಲಿ ನೀಟ್ ತರಬೇತಿ ಪಡೆಯುತ್ತಿದ್ದ ವಿದ್ಯಾರ್ಥಿನಿಯೊಬ್ಬಳ ಸಾವಿನ ಪ್ರಕರಣದಲ್ಲಿ ತೀರ್ಪು ನೀಡುತ್ತಾ, ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೂ ಅನ್ವಯಿಸುವ ಮಾರ್ಗಸೂಚಿಯನ್ನು ಹೊರಡಿಸಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ಒಬ್ಬ ಅರ್ಹ ಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತ ಇರಲೇಬೇಕು, ಅದಕ್ಕಿಂತ ಸಣ್ಣ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಸಂಪರ್ಕ ಏರ್ಪಾಡು ಮಾಡಿಕೊಳ್ಳಬೇಕು ಎಂಬುದು ಅದರ ತಿರುಳು. ನ್ಯಾಯಾಲಯಕ್ಕೆ ಈ ಅವಸರ ಏಕಿತ್ತು ಎಂಬುದಕ್ಕೆ ಅಂಕಿಅಂಶಗಳಿವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044. ಅದೇ ವರ್ಷ ಎನ್‌ಸಿಇಆರ್‌ಟಿ 6ರಿಂದ 12ನೇ ತರಗತಿವರೆಗಿನ 3.79 ಲಕ್ಷ ಮಕ್ಕಳನ್ನು ಕೇಳಿದಾಗ ಶೇ 81ರಷ್ಟು ಮಂದಿ ಓದು, ಪರೀಕ್ಷೆ, ಫಲಿತಾಂಶಗಳೇ ತಮ್ಮ ಆತಂಕಕ್ಕೆ ಕಾರಣವೆಂದರು. ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆಯಿದೆ. ನಲವತ್ತು ಮಕ್ಕಳ ಹೈಸ್ಕೂಲ್ ತರಗತಿಯಲ್ಲಿ ಸರಾಸರಿ ಮೂವರು ಎಂದಾಯಿತು.

ಈಗ ಆ ನೂರರ ಗಡಿಯನ್ನು ಕೊಡಗಿನ ನಕ್ಷೆಯ ಮೇಲಿಟ್ಟು ನೋಡಿ. 2011ರ ಜನಗಣತಿಯಂತೆ ಸುಮಾರು 4,100 ಚದರ ಕಿಲೋಮೀಟರ್ ವಿಸ್ತಾರದ ಈ ಜಿಲ್ಲೆಯ ಜನಸಂಖ್ಯೆ ಐದೂವರೆ ಲಕ್ಷ ಚಿಲ್ಲರೆ. ತೋಟ, ಕಾಡು, ಗುಡ್ಡಗಳ ನಡುವೆ ಮನೆಗಳು ದೂರ ದೂರ. ಮಡಿಕೇರಿ, ಕುಶಾಲನಗರ, ವಿರಾಜಪೇಟೆಯ ದೊಡ್ಡ ಶಾಲೆಗಳನ್ನು ಬಿಟ್ಟು ಒಳಗಿನ ಹಳ್ಳಿಗಳಿಗೆ ಹೋದರೆ ನೂರು ಮಕ್ಕಳಿರುವ ಸರ್ಕಾರಿ ಪ್ರಾಥಮಿಕ ಶಾಲೆಯನ್ನು ಹುಡುಕಬೇಕಾಗುತ್ತದೆ. ತೀರ್ಪಿನ ಬಲವಾದ ಭಾಗ ದೊಡ್ಡ ಶಾಲೆಗಳಿಗೆ ಹೋಯಿತು, ‘ಸಂಪರ್ಕ ಏರ್ಪಾಡು’ ಎಂಬ ಸಡಿಲ ಮಾತು ಈ ಸಣ್ಣ ಶಾಲೆಗಳ ಪಾಲಿಗೆ ಬಂತು. ಹೆಚ್ಚು ಆಸರೆ ಬೇಕಿರುವ ಮಕ್ಕಳು ಇರುವುದು ಇಲ್ಲಿಯೇ. ಜಿಲ್ಲೆಯ ಜನರಲ್ಲಿ ಸುಮಾರು ಶೇ 10ರಷ್ಟು ಪರಿಶಿಷ್ಟ ಪಂಗಡದವರು. ಯರವ, ಜೇನುಕುರುಬ, ಬೆಟ್ಟಕುರುಬ ಹಾಡಿಗಳ ಮಕ್ಕಳು ಒಂದನೇ ತರಗತಿಗೆ ಬಂದಾಗ ಮನೆಯ ಮಾತು ಒಂದು, ಹಲಗೆಯ ಮೇಲಿನ ಭಾಷೆ ಇನ್ನೊಂದು. ಯರವ ಮಗು ಮೇಷ್ಟ್ರ ಪ್ರಶ್ನೆಗೆ ಸುಮ್ಮನೆ ನಿಂತರೆ ಅದು ದಡ್ಡತನವೋ, ನಾಚಿಕೆಯೋ, ಹಸಿವೋ, ಪ್ರಶ್ನೆಯೇ ತಿಳಿಯಲಿಲ್ಲವೋ ಎಂದು ಬಿಡಿಸಿ ನೋಡುವವರು ಬೇಕು. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯ ಗುಡಿಸಲುಗಳನ್ನು ತೆರವು ಮಾಡಿದಾಗ ನೂರಾರು ಆದಿವಾಸಿ ಕುಟುಂಬಗಳ ಮಕ್ಕಳು ಬಯಲಲ್ಲಿ ಮಲಗಿದರು. ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದ ಪುನರ್ವಸತಿ ಬಡಾವಣೆಗಳಲ್ಲಿ ಹೊಸ ಮನೆ ಸಿಕ್ಕಿತು, ಶಾಲೆಯೂ ಬದಲಾಯಿತು. ತೋಟದ ಲೈನ್ ಮನೆಗಳಲ್ಲಿ ಅಸ್ಸಾಂ, ಪಶ್ಚಿಮ ಬಂಗಾಳದಿಂದ ಬಂದ ಕಾರ್ಮಿಕರ ಮಕ್ಕಳಿದ್ದಾರೆ. ಕಾಫಿ ಕೊಯ್ಲು ಮುಗಿದ ಮೇಲೆ ಅವರು ಎಲ್ಲಿರುತ್ತಾರೋ ಹೇಳಲಾಗದು. ಆಶ್ರಮ ಶಾಲೆ, ಮೊರಾರ್ಜಿ ಶಾಲೆ, ಗಾಳಿಬೀಡಿನ ನವೋದಯ, ಕೂಡಿಗೆಯ ಸೈನಿಕ ಶಾಲೆಗಳಲ್ಲಿ ಓದುವ ಮಕ್ಕಳಿಗೆ ರಾತ್ರಿ ಎಂಟರ ಮೇಲೆ ಮನೆಯೆಂದರೆ ಹಾಸ್ಟೆಲ್, ಹಿರಿಯರೆಂದರೆ ವಾರ್ಡನ್.

ಇವರಿಗೆಲ್ಲ ಈಗ ಇರುವ ಏರ್ಪಾಡು ಏನು? ಗೋಡೆಯ ಮೇಲೆ ಮಕ್ಕಳ ಸಹಾಯವಾಣಿ 1098ರ ಫಲಕವಿದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿಮಾನಸ್ 14416 ಕನ್ನಡದಲ್ಲೂ ಮಾತಾಡುತ್ತದೆ. ಎರಡೂ ಬೇಕಾದವೇ. ಆದರೆ ಎಂಟು ವರ್ಷದ ಮಗುವಿನ ಕೈಯಲ್ಲಿ ಫೋನ್ ಇರುವುದಿಲ್ಲ, ಹಾಡಿಯಲ್ಲಿ ಸಿಗ್ನಲ್ ಹುಡುಕಿಕೊಂಡು ದಿಬ್ಬ ಹತ್ತಬೇಕು, ಹಾಸ್ಟೆಲಿನ ಫೋನ್ ವಾರ್ಡನ್ ಮೇಜಿನ ಮೇಲಿರುತ್ತದೆ. ಜೊತೆಗೆ ದೂರು ಪೆಟ್ಟಿಗೆ. ರಾಜ್ಯದ ಮಕ್ಕಳ ರಕ್ಷಣಾ ನೀತಿ ಬಂದದ್ದು 2016ರಲ್ಲಿ. ಅಂದಿನಿಂದ ಸುತ್ತೋಲೆಗಳು ಈ ಪೆಟ್ಟಿಗೆಯನ್ನು ನೆನಪಿಸುತ್ತಲೇ ಇವೆ. ಮುಖ್ಯ ಶಿಕ್ಷಕರ ಕೊಠಡಿಯ ಬಾಗಿಲ ಪಕ್ಕದಲ್ಲಿ ಎಲ್ಲರಿಗೂ ಕಾಣುವಂತೆ ಮೊಳೆ ಹೊಡೆದ ತಗಡಿನ ಡಬ್ಬಿ, ಅದಕ್ಕೊಂದು ಸಣ್ಣ ಬೀಗ, ಕೀಲಿ ಒಳಗಿನ ಮೇಜಿನ ಡ್ರಾಯರಿನಲ್ಲಿ. ಚೀಟಿ ಹಾಕುವ ಮಗುವನ್ನು ಕಾರಿಡಾರಿನಲ್ಲಿರುವ ಎಲ್ಲರೂ ನೋಡುತ್ತಾರೆ, ದೂರು ಯಾರ ಮೇಲೋ ಅವರೇ ಆ ಚೀಟಿಯನ್ನು ಓದುವ ಸಂಭವವೂ ಇದೆ. ಇಂಥ ಪೆಟ್ಟಿಗೆ ಖಾಲಿಯಿದ್ದರೆ ಶಾಲೆಯಲ್ಲಿ ಸಮಸ್ಯೆಯಿಲ್ಲ ಎಂದು ವರದಿ ಬರೆಯುವುದು ಸುಲಭ. ಉಳಿದದ್ದು ಶಿಕ್ಷಕರಿಗೆ ಒಂದೋ ಎರಡೋ ದಿನದ ತರಬೇತಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಅರವತ್ತು ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರೇ ಶಿಕ್ಷಕರು. ಐದು ತರಗತಿ, ಬಿಸಿಯೂಟ, ಮೊಟ್ಟೆಯ ಲೆಕ್ಕ, ಎಸ್‌ಎಟಿಎಸ್ ದಾಖಲಾತಿ ಎಲ್ಲವೂ ಆ ಇಬ್ಬರದೇ. 2025ರ ದಸರೆಯ ಹೊತ್ತಿನಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಕಳಿಸಿ, ಅದು ಮುಗಿಯದಿದ್ದಾಗ ಶಾಲೆಯ ರಜೆಯನ್ನೇ ಅಕ್ಟೋಬರ್ 18ರವರೆಗೆ ವಿಸ್ತರಿಸಿದ್ದು ಎಲ್ಲರಿಗೂ ನೆನಪಿದೆ. ಇಂಥವರಿಗೆ ‘ಮಗುವಿನ ಮನಸ್ಸನ್ನೂ ನೋಡಿಕೊಳ್ಳಿ’ ಎಂದು ಆದೇಶಿಸಿದರೆ ಇನ್ನೊಂದು ವಹಿ ತುಂಬುತ್ತದೆ, ಅಷ್ಟೇ.

ಇದು ಊಹೆಯ ಮಾತಲ್ಲ, ನಮ್ಮ ದೇಶದಲ್ಲೇ ಪರೀಕ್ಷಿಸಿ ನೋಡಿದ ಸಂಗತಿ. ಬಿಹಾರದ ನಳಂದ ಜಿಲ್ಲೆಯ 74 ಸರ್ಕಾರಿ ಪ್ರೌಢಶಾಲೆಗಳಲ್ಲಿ ‘ಸೆಹರ್’ ಎಂಬ ಹೆಸರಿನ ಪ್ರಯೋಗ ನಡೆಯಿತು. ಅದರ ಮೊದಲ ಫಲಿತಾಂಶ 2018ರ ಕೊನೆಗೆ ‘ದಿ ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಶಾಲೆಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ಮಾಮೂಲು ಸರ್ಕಾರಿ ಕಾರ್ಯಕ್ರಮ ಮಾತ್ರ. ಇನ್ನೊಂದರಲ್ಲಿ ಹೆಚ್ಚುವರಿ ಚಟುವಟಿಕೆಗಳ ಹೊಣೆ ತರಬೇತಿ ಪಡೆದ ಶಿಕ್ಷಕರದು. ಮೂರನೆಯದರಲ್ಲಿ ಅವೇ ಚಟುವಟಿಕೆಗಳನ್ನು ನಡೆಸಿದವರು ವೃತ್ತಿಪರ ಮನಶ್ಶಾಸ್ತ್ರಜ್ಞರಲ್ಲದ, ಆದರೆ ಅದಕ್ಕೆಂದೇ ತರಬೇತಿ ಪಡೆದು ಶಾಲೆಗೊಬ್ಬರಂತೆ ನೇಮಕವಾದ ‘ಮಿತ್ರ’ರು. ಪ್ರಾರ್ಥನೆಯ ವೇಳೆ ಮಾತುಕತೆ, ಗೋಡೆಪತ್ರಿಕೆ, ಮಕ್ಕಳದೇ ಗುಂಪುಗಳು, ಬೇಕಾದವರೊಡನೆ ಏಕಾಂತದಲ್ಲಿ ಸಮಾಲೋಚನೆ, ಮತ್ತು ಮನಸ್ಸಿನ ಮಾತು ಬರೆದು ಹಾಕಲು ಒಂದು ಪೆಟ್ಟಿಗೆ — ಕಾರ್ಯಕ್ರಮವೆಲ್ಲ ಇಷ್ಟೇ. ಮಿತ್ರರಿದ್ದ ಶಾಲೆಗಳಲ್ಲಿ ಮಕ್ಕಳ ಖಿನ್ನತೆ, ಪೀಡನೆ, ಹೊಡೆದಾಟ ಇಳಿದವು, ಶಾಲೆಯ ವಾತಾವರಣದ ಬಗ್ಗೆ ಮಕ್ಕಳ ಅಭಿಪ್ರಾಯ ಉತ್ತಮವಾಯಿತು. ಎರಡನೇ ವರ್ಷದ ಅಧ್ಯಯನದಲ್ಲಿ ಈ ಲಾಭ ಇನ್ನಷ್ಟು ಹೆಚ್ಚಿತ್ತು. ಶಿಕ್ಷಕರೇ ನಡೆಸಿದ ಶಾಲೆಗಳಿಗೂ ಏನನ್ನೂ ಸೇರಿಸದ ಶಾಲೆಗಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಪಾಠದ ರೂಪದಲ್ಲಿ ಮನಶ್ಶಾಂತಿಯನ್ನು ಹಂಚಲು ಬ್ರಿಟನ್ನಿನಲ್ಲಿ ನಡೆದ ದೊಡ್ಡ ಪ್ರಯತ್ನದ ಕಥೆಯೂ ಇಂಥದ್ದೇ. ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳಿದ್ದ ಪ್ರಯೋಗದಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಶಿಕ್ಷಕರು ಧ್ಯಾನಸದೃಶ ‘ಮೈಂಡ್‌ಫುಲ್‌ನೆಸ್’ ಪಾಠಗಳನ್ನು ಹೇಳಿಕೊಟ್ಟರು, ಮಾಮೂಲು ಶಾಲೆಗಳಿಗಿಂತ ಹೆಚ್ಚಿನ ಪ್ರಯೋಜನ ಏನೂ ಆಗಲಿಲ್ಲವೆಂದು 2022ರಲ್ಲಿ ಸಂಶೋಧಕರೇ ಒಪ್ಪಿಕೊಂಡರು. ಹೊಸ ಪಠ್ಯಪುಸ್ತಕ, ವಾರಕ್ಕೊಂದು ‘ಸಂತಸದ ಪೀರಿಯಡ್’ ತಂದರೆ ಕೆಲಸವಾಯಿತು ಎನ್ನುವವರು ಈ ಎರಡು ಅಧ್ಯಯನಗಳನ್ನು ಒಟ್ಟಿಗೆ ಓದಬೇಕು.

ಭಾಷೆಯ ಪ್ರಶ್ನೆಗೆ ಬಂದರೆ ಉತ್ತರ ಕುಟ್ಟದ ಗಡಿಯಾಚೆಯೇ ಇದೆ. ವಯನಾಡಿನಲ್ಲೂ ಪಣಿಯ, ಅಡಿಯ, ಕಾಟ್ಟುನಾಯ್ಕ ಮಕ್ಕಳು ಮಲಯಾಳಂ ತರಗತಿಯಲ್ಲಿ ಮೂಕರಾಗಿ ಕೂತು ನಡುವೆಯೇ ಶಾಲೆ ಬಿಡುತ್ತಿದ್ದರು. 2017ರಲ್ಲಿ ಕೇರಳ ಸರ್ಕಾರ ‘ಗೋತ್ರಬಂಧು’ ಯೋಜನೆಯಡಿ ಆದಿವಾಸಿ ಸಮುದಾಯಗಳಿಂದಲೇ ಶಿಕ್ಷಕ ತರಬೇತಿ ಪಡೆದ 241 ಯುವಕ ಯುವತಿಯರನ್ನು ಅಲ್ಲಿನ ಪ್ರಾಥಮಿಕ ಶಾಲೆಗಳಿಗೆ ನೇಮಿಸಿತು. ಮಗುವಿನ ಮಾತನ್ನು ಮೇಷ್ಟರಿಗೂ ಮೇಷ್ಟರ ಮಾತನ್ನು ಮನೆಗೂ ತಲುಪಿಸುವುದು ಅವರ ಕೆಲಸ. ಅದೇ ರಾಜ್ಯದ ಮಹಿಳಾ ಮತ್ತು ಶಿಶು ಅಭಿವೃದ್ಧಿ ಇಲಾಖೆ ಸಾವಿರಕ್ಕೂ ಹೆಚ್ಚು ಶಾಲೆಗಳಲ್ಲಿ ಸಮಾಲೋಚಕರನ್ನು ಇಟ್ಟಿದೆ. 2024ರ ಜುಲೈ 30ರಂದು ಮುಂಡಕ್ಕೈ, ಚೂರಲ್‌ಮಲದ ಮೇಲೆ ಗುಡ್ಡ ಕುಸಿದು ಸೆಪ್ಟೆಂಬರ್ 2ರಂದು ಅಲ್ಲಿನ ಮಕ್ಕಳಿಗೆ ಮೇಪ್ಪಾಡಿಯಲ್ಲಿ ಶಾಲೆ ಮತ್ತೆ ಆರಂಭವಾದಾಗ, ಜೂನ್‌ನ ಮೊದಲ ದಿನದಂತೆ ಪ್ರವೇಶೋತ್ಸವ ನಡೆಸಿ ಬರಮಾಡಿಕೊಂಡರು. ಪಾಠದ ಬಾಕಿ ಎಷ್ಟಿದೆ ಎಂಬುದಕ್ಕಿಂತ ಮೊದಲು ಬಂದ ಮಗುವಿನ ಮುಖ ನೋಡುವ ಕ್ರಮ ಅದು. ಕರ್ನಾಟಕಕ್ಕೂ ಈ ವಿದ್ಯೆ ಹೊಸದಲ್ಲ. ಮಾನಸಿಕ ಕಾಯಿಲೆಗಳನ್ನು ಸಾಮಾನ್ಯ ವೈದ್ಯರು, ಆರೋಗ್ಯ ಕಾರ್ಯಕರ್ತರೂ ಗುರುತಿಸಬಲ್ಲರು ಎಂದು 1980ರ ದಶಕದಲ್ಲಿ ಬಳ್ಳಾರಿಯಲ್ಲಿ ತೋರಿಸಿಕೊಟ್ಟದ್ದು ನಿಮ್ಹಾನ್ಸ್. ಇಂದು ದೇಶದಾದ್ಯಂತ ಇರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಬೇರು ಅಲ್ಲಿದೆ. ಗುಜರಾತ್ ಭೂಕಂಪ, ಸುನಾಮಿಗಳ ನಂತರವೂ ಅದೇ ಸಂಸ್ಥೆ ಸ್ಥಳೀಯ ಕಾರ್ಯಕರ್ತರನ್ನು ತಯಾರು ಮಾಡುವ ದಾರಿಯನ್ನೇ ಹಿಡಿಯಿತು.

ಕೊಡಗಿನಲ್ಲಿ ಇದನ್ನು ಹೀಗೆ ಮಾಡಬಹುದು. ಶಿಕ್ಷಣ ಇಲಾಖೆಯ ಕ್ಲಸ್ಟರ್ ಈಗಾಗಲೇ ಇದೆ. ಐದು ಶಾಲೆಗಳಿಗೆ ಒಬ್ಬರು ಎಂದಿಟ್ಟುಕೊಂಡರೆ ವಾರದ ಐದು ದಿನ ಐದು ಶಾಲೆ, ಆರನೇ ದಿನ ಹಾಡಿಗೂ ಲೈನ್ ಮನೆಗೂ ಭೇಟಿ. ಯಾವ ದಿನ ಯಾವ ಶಾಲೆ ಎಂಬುದು ಮಕ್ಕಳಿಗೆ ಬಾಯಿಪಾಠವಾಗಿರಬೇಕು. ಆಯ್ಕೆಯಲ್ಲಿ ಸಮಾಜಕಾರ್ಯದ ಪದವಿ ಪಡೆದವರಿಗೆ ಮೊದಲ ಅವಕಾಶ ಇರಲಿ, ಸುಪ್ರೀಂ ಕೋರ್ಟ್ ತೀರ್ಪಿಗೂ ಅದು ಹೊಂದುತ್ತದೆ. ಹಾಡಿಗಳಿರುವ ಕಡೆ ಯರವ, ಕುರುಬ ಮಾತು ಬಲ್ಲ ಪಿಯುಸಿ ಮುಗಿಸಿದವರನ್ನು ಅವರ ಜೊತೆಗೆ ಸಹಾಯಕರನ್ನಾಗಿ ಸೇರಿಸಲಿ. ತಿಂಗಳಿಗೊಮ್ಮೆ ಅವರೆಲ್ಲ ಮಡಿಕೇರಿಯ ವೈದ್ಯಕೀಯ ಕಾಲೇಜಿನ ಮನೋವೈದ್ಯ ವಿಭಾಗದಲ್ಲಿ ಸೇರಿ ಕಷ್ಟದ ಪ್ರಕರಣಗಳನ್ನು ಚರ್ಚಿಸಲಿ. ಔಷಧಿ, ಚಿಕಿತ್ಸೆ ಬೇಕಾದ ಮಗುವಿಗೆ ತಾಲ್ಲೂಕು ಆಸ್ಪತ್ರೆಗಳ ಮನೋಚೈತನ್ಯ ಕ್ಲಿನಿಕ್ ಇದೆ. ಶಿಕ್ಷಕರ ಪಾತ್ರ ಇಲ್ಲಿ ಕಡಿಮೆಯಾಗುವುದಿಲ್ಲ, ಸ್ಪಷ್ಟವಾಗುತ್ತದೆ: ತಿಂಡಿ ಬಿಟ್ಟ ಮಗು, ಇದ್ದಕ್ಕಿದ್ದಂತೆ ಮಂಕಾದ ಮಗು, ಸೋಮವಾರವೇ ಗೈರಾಗುವ ಮಗು ಮೊದಲು ಕಣ್ಣಿಗೆ ಬೀಳುವುದು ಅವರಿಗೆ. ಗಮನಿಸಿ ಒಂದು ಮಾತು ಹೇಳಿದರೆ ಅವರ ಕೆಲಸ ಮುಗಿಯಿತು. ದೂರು ಪೆಟ್ಟಿಗೆಯ ಕೀಲಿ ಶಾಲೆಯ ಯಾರ ಬಳಿಯೂ ಇರಬಾರದು. ವಾರಕ್ಕೊಮ್ಮೆ ಬರುವ ಈ ವ್ಯಕ್ತಿಯ ಬಳಿ ಇರಬೇಕು.

ಇದಕ್ಕೆ ಬರುವ ಮೊದಲ ಆಕ್ಷೇಪ ದುಡ್ಡಿನದು. ಪಾಠಕ್ಕೇ ಕಾಯಂ ಶಿಕ್ಷಕರಿಲ್ಲದೆ ಅತಿಥಿ ಶಿಕ್ಷಕರಿಂದ ನಡೆಸುತ್ತಿರುವಾಗ ಸಮಾಲೋಚಕರೆಲ್ಲಿಂದ ಎಂಬ ಪ್ರಶ್ನೆ ನ್ಯಾಯವಾದದ್ದೇ. ಖಾಲಿ ಹುದ್ದೆ ತುಂಬುವುದನ್ನು ಇದಕ್ಕಾಗಿ ತಡೆಯಬೇಕೆಂದು ಯಾರೂ ಹೇಳುತ್ತಿಲ್ಲ. ಆದರೆ ಐದು ಶಾಲೆಗೆ ಒಬ್ಬರೆಂದು, ಅತಿಥಿ ಶಿಕ್ಷಕರಷ್ಟೇ ಗೌರವಧನವೆಂದು ಹಿಡಿದರೆ ಶಾಲೆಯೊಂದರ ಪಾಲಿಗೆ ಬರುವ ಖರ್ಚು ಒಬ್ಬ ಅತಿಥಿ ಶಿಕ್ಷಕರ ಗೌರವಧನದ ಐದನೇ ಒಂದು ಭಾಗದ ಆಸುಪಾಸು. ಮಗು ಶಾಲೆ ಬಿಟ್ಟ ಮೇಲೆ ಮನೆಮನೆ ಸಮೀಕ್ಷೆ ಮಾಡಿ ಕರೆತರಲು, ಮತ್ತೆ ಬಿಟ್ಟರೆ ಮತ್ತೆ ಕರೆತರಲು ವ್ಯಯವಾಗುವ ಹಣ, ಶ್ರಮಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಎರಡನೇ ಆಕ್ಷೇಪ ಹಿರಿಯರದು: ಮಕ್ಕಳ ಸುಖದುಃಖ ಮನೆಯ ವಿಚಾರ, ಕೊಡಗಿನಲ್ಲಿ ಒಕ್ಕ ಎಂಬ ಕುಲಕುಟುಂಬ ಇದೆ, ಅದರ ಮೂಲಮನೆಯಾದ ಐನ್‌ಮನೆ ಇದೆ, ಅಜ್ಜ ಅಜ್ಜಿ ಇದ್ದಾರೆ, ಸಂಬಳದ ಅಪರಿಚಿತರಿಗೆ ಅಲ್ಲೇನು ಕೆಲಸ? ಒಕ್ಕದ ಆಸರೆ ದೊಡ್ಡದು, ನಿಜ. ಆದರೆ ಐನ್‌ಮನೆಗಳಲ್ಲಿ ಎಷ್ಟೋ ಈಗ ಬಾಗಿಲು ತೆರೆಯುವುದು ಕೈಲ್‌ಪೊಳ್ದ್, ಪುತ್ತರಿ, ಕಾರಣ ತೆರೆಯಂಥ ದಿನಗಳಲ್ಲಿ. ಮಕ್ಕಳು ಮೈಸೂರು, ಬೆಂಗಳೂರಿನ ಹಾಸ್ಟೆಲುಗಳಲ್ಲಿದ್ದಾರೆ. ಲೈನ್ ಮನೆಯ, ಹಾಡಿಯ ಮಗುವಿನ ತಂದೆತಾಯಿ ಬೆಳಕು ಹರಿಯುವ ಮೊದಲೇ ತೋಟದ ಜೀಪು ಹತ್ತಿರುತ್ತಾರೆ. ಆಶ್ರಮ ಶಾಲೆಯಲ್ಲಂತೂ ಮಗುವನ್ನು ಮನೆಯಿಂದ ಕರೆತಂದು ಇಟ್ಟುಕೊಂಡದ್ದೇ ಸರ್ಕಾರ. ಮನೆಯನ್ನು ಬಿಡಿಸಿದ ಮೇಲೆ ಮನೆಯ ಕೆಲಸ ನಮ್ಮದಲ್ಲ ಎನ್ನಲು ಬರುವುದಿಲ್ಲ.

ಮೂರನೆಯದು ಹೆಚ್ಚು ತೂಕದ ಆಕ್ಷೇಪ. ಅರೆಬರೆ ತರಬೇತಿ ಪಡೆದವರು ಮಗುವಿನ ಮನಸ್ಸಿಗೆ ಕೈ ಹಾಕಿದರೆ ಒಳಿತಿಗಿಂತ ಕೇಡೇ ಹೆಚ್ಚಾಗಬಹುದು. ಸಣ್ಣ ಊರಿನಲ್ಲಿ ಒಬ್ಬರಿಗೆ ಹೇಳಿದ್ದು ಸಂಜೆಯೊಳಗೆ ಅಂಗಡಿ ಜಗುಲಿಗೆ ಬರಬಹುದು. ಪರೀಕ್ಷೆಯ ಹಿಂದಿನ ದಿನದ ಸಹಜ ಅಳುಕಿಗೂ ಕಾಯಿಲೆಯ ಹೆಸರು ಅಂಟಬಹುದು. ಈ ಮೂರೂ ಅಪಾಯಗಳು ನಿಜ, ಹಾಗಾಗಿ ಎಲ್ಲೆಗಳನ್ನು ಮೊದಲೇ ಗೆರೆ ಎಳೆದು ಹಾಕಬೇಕು. ಇವರು ರೋಗನಿರ್ಣಯ ಮಾಡಬಾರದು, ಮಗುವಿನ ಹೆಸರಿನ ಮುಂದೆ ಯಾವ ಹಣೆಪಟ್ಟಿಯನ್ನೂ ಅಂಟಿಸಬಾರದು, ಕೇಳಿದ್ದನ್ನು ಶಾಲೆಯ ದಾಖಲೆಗೆ ಬರೆಯಬಾರದು. ಒಂದು ವಿನಾಯಿತಿಯನ್ನು ಮಗುವಿಗೆ ಮೊದಲ ದಿನವೇ ಹೇಳಬೇಕು: ಲೈಂಗಿಕ ದೌರ್ಜನ್ಯದ ಸಂಗತಿ ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ವರದಿ ಮಾಡುವುದು ಕಡ್ಡಾಯ, ಜೀವಕ್ಕೆ ಅಪಾಯವಿದ್ದರೆ ಮುಚ್ಚಿಡಲಾಗದು. ಇನ್ನು ‘ನಮ್ಮ ಕಾಲದಲ್ಲಿ ಬೆತ್ತವೇ ಸಮಾಲೋಚಕ, ನಾವೇನು ಹಾಳಾದೆವಾ’ ಎನ್ನುವವರಿಗೆ ಹೇಳಬೇಕಾದದ್ದು ಇಷ್ಟೆ. ಆ ಕಾಲದಲ್ಲಿ ಬೆತ್ತಕ್ಕೆ ಹೆದರಿ ಶಾಲೆ ಬಿಟ್ಟವರು ಇಂದು ಈ ವಾದ ಮಾಡಲು ಸಭೆಗೆ ಬರುವುದಿಲ್ಲ, ಅವರು ಅದೇ ಹೊತ್ತಿನಲ್ಲಿ ತೋಟದಲ್ಲಿರುತ್ತಾರೆ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಜಿಲ್ಲೆ ಮೇಲಿನ ಸಾಲಿನಲ್ಲಿದೆಯೆಂಬ ಹೆಮ್ಮೆಗೂ ಇದೇ ಮಾತು ಅನ್ವಯಿಸುತ್ತದೆ. ಶೇಕಡಾವಾರು ಲೆಕ್ಕ ಹಾಕುವುದು ಪರೀಕ್ಷೆಗೆ ಕುಳಿತವರನ್ನು, ಎಂಟನೇ ತರಗತಿಯಲ್ಲೇ ಕಾಣೆಯಾದವರನ್ನಲ್ಲ.

ಮಕ್ಕಳು ಕಡಿಮೆಯೆಂಬ ಕಾರಣಕ್ಕೆ ಸಣ್ಣ ಶಾಲೆಗಳನ್ನು ಮುಚ್ಚುವ, ವಿಲೀನಗೊಳಿಸುವ ಮಾತು ಪ್ರತಿ ವರ್ಷ ಏಳುತ್ತದೆ. ಮಗುವಿನ ಮನಸ್ಸಿನ ಕಡೆಯಿಂದ ನೋಡಿದರೆ ನಲವತ್ತು ಮಕ್ಕಳ ಶಾಲೆ ಕೊಡಗಿನ ದೊಡ್ಡ ಅನುಕೂಲ. ಅಲ್ಲಿ ಪ್ರತಿ ಮಗುವಿನ ಹೆಸರು, ಮನೆ, ನಡೆದು ಬರುವ ದಾರಿ ಎಲ್ಲರಿಗೂ ಗೊತ್ತು. ಕೊರತೆಯಿರುವುದು ಕೇಳಿಸಿಕೊಳ್ಳಲು ಪುರುಸೊತ್ತಿರುವ ಒಬ್ಬರದು. ಸುಪ್ರೀಂ ಕೋರ್ಟ್ ಸಣ್ಣ ಶಾಲೆಗಳಿಗೆ ಹೇಳಿದ ‘ಸಂಪರ್ಕ ಏರ್ಪಾಡು’ ಏನೆಂದು ಜಿಲ್ಲಾ ಪಂಚಾಯಿತಿಯೂ ಶಿಕ್ಷಣ ಇಲಾಖೆಯೂ ಲಿಖಿತವಾಗಿ ತಿಳಿಸಲಿ. ಮೊದಲ ವರ್ಷ ಹಾಡಿಗಳು ಹೆಚ್ಚಿರುವ ಪೊನ್ನಂಪೇಟೆ, ವಿರಾಜಪೇಟೆ ತಾಲ್ಲೂಕುಗಳ ಕೆಲವೇ ಕ್ಲಸ್ಟರ್‌ಗಳಲ್ಲಿ ಮಾಡಿ ನೋಡಲಿ. ಹಾಜರಾತಿ ಏರಿತೇ, ಶಾಲೆ ಬಿಡುವುದು ಇಳಿಯಿತೇ ಎಂದು ಎರಡು ವರ್ಷ ಅಳೆದು, ಫಲಿತಾಂಶ ಏನೇ ಇರಲಿ, ಜನರ ಮುಂದಿಡಲಿ. ಅಲ್ಲಿಯವರೆಗೆ ಪೋಷಕರು ಒಂದು ಕೆಲಸ ಮಾಡಬಹುದು. ಮೇ ಕೊನೆಗೆ ಶಾಲೆ ಬಾಗಿಲು ತೆರೆದ ಮೇಲೆ ಮೊದಲ ಎಸ್‌ಡಿಎಂಸಿ ಸಭೆಯಲ್ಲಿ ಎರಡು ಪ್ರಶ್ನೆ ಕೇಳಿ: ದೂರು ಪೆಟ್ಟಿಗೆಯ ಕೀಲಿ ಯಾರ ಬಳಿ ಇದೆ? ಅದನ್ನು ಕೊನೆಯ ಬಾರಿ ತೆರೆದದ್ದು ಯಾವಾಗ?